ಎರಡು ಪೆಟ್ಟಿನ ನಡುವೆ

ಕಂಬಾರ ಉಡಚಪ್ಪನಿಗೆ ಮಾತು ಬರುತ್ತದೆ ಎಂಬುದು ಶಿಗ್ಗಾವಿಯ ಅರ್ಧ ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಉಳಿದರ್ಧವೂ ಅದನ್ನು ಕಿವಿಯಾರೆ ಕೇಳಿದ್ದೇವೆಂದು ಆಣೆ ಮಾಡಿ ಹೇಳುವ ಹಾಗಿರಲಿಲ್ಲ. ಕುಡಗೋಲು ತಂದವರು ಮುಂದಿಟ್ಟು, “ಹಲ್ಲು ಹೋಗ್ಯಾವ ನೋಡೋ ಮಾರಾಯಾ” ಎಂದರೆ ಒಮ್ಮೆ ತಲೆಯಾಡಿಸುತ್ತಿದ್ದ. “ಯಾವಾಗ ಬರ್ಲಿ?” ಎಂದು ಕೇಳಿದರೆ ಉತ್ತರ ಬರುತ್ತಿದ್ದುದು ಅವನ ಹೆಂಡತಿ ಕರೆವ್ವನ ಬಾಯಿಂದ. ಗಂಡನ ಪಾಲಿನ ಮಾತನ್ನೂ ದೇವರು ಹೆಂಡತಿಗೇ ಕೊಟ್ಟುಬಿಟ್ಟಿದ್ದಾನೆಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಕರೆವ್ವನಿಗೆ ಅದರ ಬೇಸರವಿರಲಿಲ್ಲ. ಯಾರ ಬಾಯಿಗೆ ಹಾಕಿದರೇನು, ಮಾತು ಮನೆಯಲ್ಲೇ ಉಳಿಯಿತಲ್ಲ!

ಅಂಥ ಉಡಚಪ್ಪನನ್ನು ಸರಕಾರ ಮಾಸ್ತರನನ್ನಾಗಿ ಮಾಡಲು ಹೊರಟಿತ್ತು.

ಸುದ್ದಿ ತಂದವಳು ಪಕ್ಕದ ಮನೆಯ ಬಳೆಗಾರ್ತಿ ಜನ್ನತಬಿ. ಸಾವಿರದ ಒಂಬೈನೂರ ಅರವತ್ತೊಂದರ ಸುಗ್ಗಿ ಮುಗಿದ ದಿನಗಳು. ಬಳೆಯ ಮಲಾರ ಹೊತ್ತು ಬ್ಲಾಕ್ ಆಫೀಸಿನವರ ಮನೆಗಳಿಗೆಲ್ಲ ಹೋಗಿ ಬರುತ್ತಿದ್ದ ಜನ್ನತಬಿಗೆ ಆಫೀಸಿನ ಸುದ್ದಿ ಆಫೀಸಿಗಿಂತ ಮೊದಲೇ ತಿಳಿಯುತ್ತಿತ್ತು. ಯಾವುದೋ ಒಂದು ದೂರದ, ತಣ್ಣನೆಯ ದೇಶ. ಅದರ ಹೆಸರಿಗೆ ಅವಳ ನಾಲಿಗೆ ಹೊರಳಲಿಲ್ಲ. ಆ ದೇಶದವರು ನಮ್ಮವರ ಜೊತೆ ಕೂಡಿ ಹಳ್ಳಿಯ ಹುಡುಗರಿಗೆ ಕಸುಬು ಕಲಿಸುವ ಕೇಂದ್ರವೊಂದನ್ನು ತೆರೆಯುತ್ತಾರಂತೆ. ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾವಿ, ನಾಲ್ಕರಲ್ಲಿ ಒಂದು ಊರಿಗೆ ಮಾತ್ರ. ಇಲ್ಲಿ ಕಲಿಸುವವರಿದ್ದಾರೋ ಇಲ್ಲವೋ, ತಾವು ತಿರುಗಿ ಹೋದ ಮೇಲೆ ಆಫೀಸಿನವರು ನಡೆಸುತ್ತಾರೋ ಬೀಗ ಜಡಿಯುತ್ತಾರೋ, ಅದನ್ನೆಲ್ಲ ತೂಗಿ ನೋಡಲು ಒಬ್ಬ ಸಾಹೇಬ ಬಂದಿದ್ದಾನಂತೆ.

“ನಮ್ಮೂರಿಗೆ ಆದ್ರ ಉಡಚಪ್ಪಣ್ಣನೇ ಮಾಸ್ತರ. ಬ್ಲಾಕ್ ಆಫೀಸಿನ ರಾಯರ ಹೇಳಿದ್ರು. ಪಗಾರ ಬರ್ತೈತಿ, ಗಡಿಯಾರ ನೋಡಿ ಹೋಗೂದು, ಗಡಿಯಾರ ನೋಡಿ ಬರೂದು. ನೀ ಇನ್ನ ಈ ಚಮ್ಮಟಗಿ ಮೂಲ್ಯಾಗ ಇಟ್ಟು ಆರಾಮ ಕುಂದ್ರು ಯಕ್ಕಾ” ಎಂದಳು ಜನ್ನತಬಿ, ಕರೆವ್ವನ ಒರಟು ಅಂಗೈಯನ್ನು ಒತ್ತುತ್ತ.

ಕರೆವ್ವ ನಕ್ಕಳು. ಜನ್ನತಬಿ ಹೋದ ಮೇಲೆ ಆ ನಗು ಎಲ್ಲಿ ಹೋಯಿತೋ.

ಚಮ್ಮಟಿಗೆ ಎಂದರೆ ಕುಲುಮೆಯ ದೊಡ್ಡ ಸುತ್ತಿಗೆ. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆ ಆಡಿಸುವವನು ಕಂಬಾರ. ಎದುರಿಗೆ ನಿಂತು ಆ ಚಮ್ಮಟಿಗೆಯನ್ನು ಎತ್ತಿ ಬಡಿಯುವವಳು ಅವನ ಹೆಂಡತಿ. ಇದು ಆ ಮನೆಗಳ ನಡಾವಳಿ. ಅದುವರೆಗೆ ಚಮ್ಮಟಿಗೆ ಬಡಿಯುತ್ತಿದ್ದ ಉಡಚಪ್ಪನ ಅಣ್ಣ ಹುಬ್ಬಳ್ಳಿಯ ರೈಲ್ವೆ ಕಾರಖಾನೆ ಸೇರಿದಾಗ ಕರೆವ್ವ ಇನ್ನೂ ಅರಿಸಿನ ಮಾಸದ ಮದುಮಗಳು. ಗಂಡನಿಗೆ ಮಾತು ಬರುವುದಿಲ್ಲವೆಂದೇ ತಿಳಿದು ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದ ಕಾಲ ಅದು. ಚಮ್ಮಟಿಗೆ ಕೈಗೆ ಬಂದಾಗ, “ಎಲ್ಲಿ ಹೊಡೀಲ್ರಿ?” ಎಂದು ಕೇಳಿದಳು. ಅವನು ಸಣ್ಣ ಸುತ್ತಿಗೆಯಿಂದ ಕಬ್ಬಿಣದ ಒಂದು ಜಾಗ ಮುಟ್ಟಿದ, ಟಿಣ್. ಅಲ್ಲಿ ಹೊಡೆದಳು. ಇನ್ನೊಂದು ಜಾಗ ಮುಟ್ಟಿದ. ಅಲ್ಲೂ ಹೊಡೆದಳು. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಜೋರಾಗಿ ಮುಟ್ಟಿದರೆ ಜೋರಾಗಿ. ಹೀಗೆ ಶುರುವಾದ ಮಾತುಕತೆ ಮಗಳು ದುಂಡಸಿ ಊರಿಗೆ ಸೊಸೆಯಾಗಿ ಹೋದ ಮೇಲೂ ನಿಂತಿರಲಿಲ್ಲ.

ಆ ಮಾತಿನಲ್ಲಿ ಒಂದು ಮಾತು ಎಲ್ಲಕ್ಕಿಂತ ಬೇರೆ. ಕರೆವ್ವ ದಣಿದದ್ದು ಅವಳಿಗೇ ತಿಳಿಯುವ ಮೊದಲು ಉಡಚಪ್ಪನಿಗೆ ತಿಳಿಯುತ್ತಿತ್ತು. ಆಗ ಅವನು ಕಬ್ಬಿಣ ಬಿಟ್ಟು ಅಡಿಗಲ್ಲಿನ ಅಂಚನ್ನು ಎರಡು ಸಲ ಮೃದುವಾಗಿ ಬಡಿಯುತ್ತಿದ್ದ. ಸಾಕು, ಉಸಿರು ತಗೋ ಎಂದರ್ಥ. ಕಬ್ಬಿಣ ಕೆಂಪಗಿದ್ದಾಗಲೇ ಹಾಗೆ ಮಾಡುತ್ತಿದ್ದ. ಅದು ಆರಿ ಕಪ್ಪಾಗುತ್ತಿತ್ತು, ಮತ್ತೆ ಕಾಯಿಸಬೇಕು, ಇದ್ದಿಲು ದಂಡ. ದಂಡವಾದರೆ ಆಗಲಿ ಎನ್ನುವಂತೆ ಅವನು ಒಲೆಗೆ ಗಾಳಿಯೂದುವ ತಿದಿಯ ಕಡೆ ನೋಡುತ್ತ ಕೂರುತ್ತಿದ್ದ. ಬಾಯಿತುಂಬ ‘ನನ್ನ ಬಂಗಾರ’ ಎನ್ನುವ ಗಂಡಂದಿರನ್ನು ಕರೆವ್ವ ಓಣಿಯಲ್ಲಿ ಬೇಕಾದಷ್ಟು ಕಂಡಿದ್ದಳು. ಹೆಂಡತಿಯ ಉಸಿರಿಗಾಗಿ ಕಾದ ಕಬ್ಬಿಣ ಆರಲು ಬಿಟ್ಟವನನ್ನು ಇವನೊಬ್ಬನನ್ನೇ ಕಂಡಿದ್ದು.

ಎರಡನೆಯ ಕೂಸು, ಗಂಡು, ತೊಟ್ಟಿಲಲ್ಲೇ ತೀರಿಕೊಂಡಿತ್ತು. ಆಗ ಕರೆವ್ವ ಗೋಡೆಗೆ ಮುಖ ಹಾಕಿ ಮಲಗಿದವಳು ಏಳಲಿಲ್ಲ. ಬಂದವರೆಲ್ಲ ಏನೇನೋ ಹೇಳಿ ಹೋದರು. ಉಡಚಪ್ಪ ಒಂದು ಮುಂಜಾನೆ ಮಾಡುವ ಕೆಲಸವಿಲ್ಲದಿದ್ದರೂ ಕುಲುಮೆ ಹೊತ್ತಿಸಿದ. ಅಡಿಗಲ್ಲಿನ ಮೇಲೆ ಒಂದು ತುಂಡು ಕಬ್ಬಿಣವಿಟ್ಟು, ಟಿಣ್ ಎಂದು ಮುಟ್ಟಿ ಸುಮ್ಮನಾದ. ಮತ್ತೆ ಟಿಣ್, ಮತ್ತೆ ಸುಮ್ಮನೆ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅವಳ ಪೆಟ್ಟಿನಷ್ಟು ಜಾಗ ಬಿಟ್ಟು ಬಡಿಯುತ್ತ ಕೂತ. ಬಹಳ ಹೊತ್ತಿನ ಮೇಲೆ ಕರೆವ್ವ ಎದ್ದು ಬಂದು ಚಮ್ಮಟಿಗೆ ಎತ್ತಿದಳು. ಎತ್ತಿ ಎತ್ತಿ ಬಡಿಯುತ್ತ, ಅಲ್ಲಿಯವರೆಗೆ ಬಾರದಿದ್ದ ಅಳುವನ್ನೆಲ್ಲ ಅಲ್ಲಿ ಅತ್ತಳು.

ಈಗ ಆ ಗಂಡ ಗಡಿಯಾರ ನೋಡಿ ಹೋಗುವವನಾಗುತ್ತಾನೆ. ಮನೆಗೆ ಬಂದರೆ ಬಾಯಿಂದ ಮಾತಾಡುತ್ತಾನೆಯೇ? ಅದಂತೂ ಆಗುಹೋಗುವ ಮಾತಲ್ಲ. ಹಾಗಾದರೆ ತನ್ನ ಪಾಲಿಗೆ ಉಳಿಯುವುದೇನು? ಇದನ್ನು ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ. ಸುಖಕ್ಕೆ ಅಳುವ ಹೆಂಗಸೆಂದು ಹೆಸರಾಗುತ್ತದೆ. ಅವನ ಕಸುಬಿಗೆ ಊರು ಮೀರಿದ ಮರ್ಯಾದೆ ಸಿಗಬೇಕೆಂಬ ಆಸೆ ಅವಳಿಗೂ ಇತ್ತು, ಸುಳ್ಳಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡು ತಿದಿ ಒತ್ತಿದಳು.

ಮೂರು ಊರು ನೋಡಿಕೊಂಡು ಸಾಹೇಬ ಕೊನೆಗೆ ಶಿಗ್ಗಾವಿಗೆ ಬರುವವನಿದ್ದ. ಹಾನಗಲ್ಲಿನಲ್ಲಿ ಅವನಿಗೆ ಕುತ್ತಿಗೆ ಕಾಣದ ಹಾಗೆ ಹಾರ ಹಾಕಿದರಂತೆ. ಸವಣೂರಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಉಗುಳಿದವನು ಬಾಯಲ್ಲಿ ರಕ್ತ ಬಂತೆಂದು ಗಾಬರಿಯಾದನಂತೆ. ಹಿರೇಕೆರೂರಿನಲ್ಲಿ ಬಡಿಗೇರರ ಉಳಿ, ಬಾಚಿಗಳನ್ನೆಲ್ಲ ತೊಳೆದು ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರಂತೆ. ಕೆಲಸ ಮಾಡಿ ತೋರಿಸಿರೆಂದರೆ ಪೂಜೆಯಾದ ಹತ್ಯಾರ ಇವತ್ತು ಮುಟ್ಟುವ ಹಾಗಿಲ್ಲ ಎಂದರಂತೆ. ಶಿಗ್ಗಾವಿಯ ಬ್ಲಾಕ್ ಆಫೀಸಿನ ಪ್ರಾಣೇಶರಾಯರು ಇದೆಲ್ಲ ಕೇಳಿ, ನಮ್ಮಲ್ಲಿ ಇಂಥ ಎಡವಟ್ಟು ಆಗಬಾರದೆಂದು ಹಠ ತೊಟ್ಟಿದ್ದರು. ರಾಯರು ಸವಣೂರಿನ ಮಠದ ಓಣಿಯವರು, ಓದಿಕೊಂಡವರು, ಮನಸ್ಸಿನಿಂದ ಒಳ್ಳೆಯವರು. ಕಂಬಾರರು ಅಮಾವಾಸ್ಯೆಗೆ ಕುಲುಮೆ ಹೊತ್ತಿಸುವುದಿಲ್ಲವೆಂದು ತಿಳಿದು, ಸಾಹೇಬ ಬರುವ ದಿನವನ್ನೇ ಮುಂದಕ್ಕೆ ಹಾಕಿಸಿದ ಜಾಣರು. ಆದರೆ ಆನೆ ಹಿಡಿದವರಿಗೆ ಬಾಲ ಜಾರಿತು ಎನ್ನುವ ಹಾಗೆ, ಒಂದು ಕಡೆ ಎಡವಿದರು.

ಸಾಹೇಬ ಬರುವ ಹಿಂದಿನ ದಿನ ರಾಯರು ಕುಲುಮೆಯ ಬಾಗಿಲಿಗೆ ಬಂದು ಕೊಡೆ ಮಡಚಿ ನಿಂತರು.

“ಕರೆವ್ವಾ, ತಪ್ಪು ತಿಳೀಬ್ಯಾಡ್ರಿ. ನಾಳೆ ಸಾಹೇಬಗ ಕೆಲಸ ತೋರಿಸ್ಲಿಕ್ಕೆ ನೀವು ಆಫೀಸಿಗೆ ಬರೂದು ಬ್ಯಾಡ. ಚಮ್ಮಟಿಗಿ ನಮ್ಮ ಜವಾನ ಬೀರಪ್ಪ ಹೊಡೀತಾನ.”

“ಯಾಕ್ರಿ ಯಪ್ಪಾ?”

“ಆ ಸಾಹೇಬ ನಮ್ಮ ದೇಶ ಎಷ್ಟು ಮುಂದ ಬಂದದ ಅಂತ ನೋಡ್ಲಿಕ್ಕೆ ಬರ್ತಾನ. ಇಲ್ಲಿ ಹೆಣ್ಣುಮಕ್ಕಳ ಕಡೆ ಕಬ್ಬಿಣ ಬಡಸ್ತಾರ ಅಂತ ತಿಳದ್ರ ನಮಗ ಏನು ಮರ್ಯಾದಿ ಉಳೀತು ಹೇಳ್ರಿ? ನಿಮ್ಮ ಯಜಮಾನರಿಗೇ ತೊಂದ್ರಿ ಆಗ್ತದ.”

ಕರೆವ್ವ ಗಂಡನ ಮುಖ ನೋಡಿದಳು. ಅವನು ಒಲೆಯ ಬೂದಿ ಕೆದಕುತ್ತಿದ್ದ. ಹಾಗೆ ಬೇಡ, ಅವಳೇ ಬರಲಿ ಎಂದು ಒಂದು ಮಾತು ಹೇಳಬಾರದೇ ಎಂದುಕೊಂಡಳು. ಆದರೆ ಮಾತೇ ಆಡದವನ ಹತ್ತಿರ ಆ ಒಂದು ಮಾತನ್ನು ಈಗ ಬೇಡುವುದೆಂದರೆ ಬೋರ್ಗಲ್ಲಿನ ಹತ್ತಿರ ನೀರು ಬೇಡಿದಂತೆ. “ಆಗ್ಲಿ ತಗೋರಿ, ನನಗೂ ಮನ್ಯಾಗ ಹಪ್ಪಳದ ಕೆಲಸ ಐತಿ” ಎಂದುಬಿಟ್ಟಳು.

ಮರುದಿನ ಆಫೀಸಿನ ಗೋಡೆಗಳಿಗೆ ಹಸಿ ಸುಣ್ಣದ ವಾಸನೆ. ಬಯಲಲ್ಲಿ ಚಪ್ಪರ, ಎರವಲು ತಂದ ಕುರ್ಚಿಗಳು, ನಡುವೆ ಹೊತ್ತು ತಂದಿಟ್ಟ ಉಡಚಪ್ಪನ ಅಡಿಗಲ್ಲು. ಹಪ್ಪಳದ ಕೆಲಸವಿದ್ದ ಕರೆವ್ವ ಕಾಂಪೌಂಡಿನ ಗಿಡ್ಡ ಗೋಡೆಯಾಚೆ ಜನ್ನತಬಿಯ ಜೊತೆ ನಿಂತಿದ್ದಳು. ಹಾನ್ಸನ್ ಸಾಹೇಬ ಉದ್ದನೆಯ ಮನುಷ್ಯ, ಬಿಸಿಲಿಗೆ ಟೊಮೇಟೊ ಹಣ್ಣಿನಂತಾಗಿದ್ದ. ಕುರ್ಚಿಯಲ್ಲಿ ಕೂರದೆ ಆಫೀಸಿನ ಒಳಹೊರಗೆಲ್ಲ ತಿರುಗಿ, ಮುಚ್ಚಿದ ಬಾಗಿಲೊಂದನ್ನು ತಾನೇ ಎಳೆದು ತೆರೆದ. ಒಳಗಿನಿಂದ ಮುರಿದ ಬೆಂಚುಗಳು ದಬದಬ ಹೊರಗೆ ಉರುಳಿದವು. ಪ್ರಾಣೇಶರಾಯರು ಕಣ್ಣು ಮುಚ್ಚಿಕೊಂಡರು. ಸಾಹೇಬ ನಗಲಿಲ್ಲ, ಬಯ್ಯಲಿಲ್ಲ. ಒಂದು ಬೆಂಚು ಎತ್ತಿ ಗೋಡೆಗೆ ಒರಗಿಸಿ ಚಪ್ಪರಕ್ಕೆ ಬಂದ.

ಮುಂಗಾರಿಗೆ ಬೇಕಾಗುವ ಕುಂಟೆಗೆ ಹಾಕುವ ಕಬ್ಬಿಣದ ಅಲಗು, ಕುಡವೊಂದನ್ನು ಮಾಡಿ ತೋರಿಸಬೇಕಾಗಿತ್ತು. ಆಫೀಸಿನ ಜವಾನ ಬೀರಪ್ಪ ಗರಡಿಯ ಆಳು, ಕಟ್ಟುಮಸ್ತಾದ ತೋಳು. ಅಂಗಿ ಕಳಚಿ, ಚಮ್ಮಟಿಗೆಗೆ ನಮಸ್ಕಾರ ಮಾಡಿ ನಿಂತ. ಉಡಚಪ್ಪ ಕಾದ ಕಬ್ಬಿಣ ತಂದಿಟ್ಟು ಟಿಣ್ ಎಂದು ಅಂಚನ್ನು ಮುಟ್ಟಿದ. ಬೀರಪ್ಪ ನಡುವಿಗೆ ಬಡಿದ. ಉಡಚಪ್ಪ ಮೆಲ್ಲಗೆ ಮುಟ್ಟಿದ. ಬೀರಪ್ಪ, ಸಾಹೇಬ ನೋಡುತ್ತಿದ್ದಾನೆಂದು, ಹನುಮಪ್ಪನನ್ನು ನೆನೆದು ಬಡಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕುಡವಾಗಬೇಕಾದ ಕಬ್ಬಿಣ ಸೊಟ್ಟ ನಾಲಿಗೆಯಂತೆ ಒಂದು ಬದಿಗೆ ಚಾಚಿಕೊಂಡಿತು. “ಹಿಡಿಕಿ ಸರಿ ಇಲ್ರಿ” ಎಂದ ಬೀರಪ್ಪ. ಕುಣಿಯಲಾರದವಳಿಗೆ ನೆಲ ಡೊಂಕು. ಮತ್ತೆ ಕಾಯಿಸಿದರು, ಮತ್ತೆ ಹಾಗೇ ಆಯಿತು. ಉಡಚಪ್ಪನ ಹಣೆಯಿಂದ ಬೆವರು ಕಾದ ಕಬ್ಬಿಣದ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ಮೂಗನಂತಿದ್ದವನು ಇವತ್ತು ನಿಜವಾಗಿಯೂ ಮೂಗನಾಗಿದ್ದ. ಅವನ ಮಾತು ತಿಳಿಯುವವರು ಆ ಚಪ್ಪರದಲ್ಲಿ ಯಾರೂ ಇರಲಿಲ್ಲ.

ಗೋಡೆಯಾಚೆಯಿಂದ ಕರೆವ್ವ ಎಲ್ಲ ನೋಡುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು. ಸಾಹೇಬ ತಲೆಯಾಡಿಸಿ ಮೋಟಾರು ಹತ್ತುತ್ತಾನೆ, ಕೇಂದ್ರ ಬೇರೆ ಊರಿಗೆ ಹೋಗುತ್ತದೆ, ನಾಳೆ ಬೆಳಗಾದರೆ ಗಂಡ ತನ್ನ ಕುಲುಮೆಯಲ್ಲಿ, ತನ್ನ ಎದುರಿಗೆ. ಅವಳು ಏನೂ ಮಾಡಬೇಕಾಗಿಲ್ಲ. ಬರಬೇಡವೆಂದವರೂ ಅವರೇ, ತಪ್ಪೂ ಅವಳದಲ್ಲ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಉಡಚಪ್ಪ ತಲೆಯೆತ್ತಿದ. ಗೋಡೆಯ ಕಡೆ ನೋಡಲಿಲ್ಲ, ಅವಳು ಅಲ್ಲಿರುವುದು ಅವನಿಗೆ ಗೊತ್ತೂ ಇರಲಿಲ್ಲ. ಕೂಸನ್ನು ಮಣ್ಣು ಮಾಡಿ ಬಂದ ದಿನದ ಮುಖ ಅದು. ಕರೆವ್ವ ಅದನ್ನು ಎರಡನೆಯ ಸಲ ನೋಡಲಾರದಾದಳು.

“ಯಕ್ಕಾ, ಎಲ್ಲಿ ಹೊಂಟಿ?” ಎಂದು ಜನ್ನತಬಿ ಸೆರಗು ಹಿಡಿಯುವಷ್ಟರಲ್ಲಿ ಅವಳು ಗೇಟು ದಾಟಿಯಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೀರಪ್ಪನ ಮುಂದೆ ಕೈಚಾಚಿದಳು. “ತಾ ಇಲ್ಲೆ.” ಬೀರಪ್ಪ ಬದುಕಿದೆನೆಂಬಂತೆ ಕೊಟ್ಟುಬಿಟ್ಟ. ಪ್ರಾಣೇಶರಾಯರು ಇಂಗ್ಲಿಷಿನಲ್ಲಿ ಸಾಹೇಬನಿಗೆ ಏನೋ ಗಡಬಡಿಸಿ ಹೇಳತೊಡಗಿದರು. ಸಾಹೇಬ ಕೈಯೆತ್ತಿ ಅವರನ್ನು ಸುಮ್ಮನಿರಿಸಿದ.

ಟಿಣ್. ಧಡ್. ಟಿಣ್. ಧಡ್. ಮುಂದೆ ಹೇಳುವುದೇನಿದೆ? ಕಬ್ಬಿಣ ಹಿಟ್ಟಿನ ಹಾಗೆ ಮಾತು ಕೇಳಿತು. ಕುಡ ನೀರಿಗೆ ಬಿದ್ದು ಸುಂಯ್ಯೆಂದಾಗ ಊರವರು ಚಪ್ಪಾಳೆ ತಟ್ಟಿದರು. ಮರ್ಯಾದೆಯ ಚಿಂತೆಯಲ್ಲಿದ್ದ ರಾಯರೂ ತಮಗರಿಯದಂತೆ ತಟ್ಟಿದರು.

ಸಾಹೇಬ ಅಡಿಗಲ್ಲಿನ ಹತ್ತಿರ ನೆಲದ ಮೇಲೇ ಕೂತು ಏನೋ ಕೇಳಿದ. “ಕೆಲಸ ನೋಡಿದೆ, ಚಲೋ ಅದ. ಆದ್ರ ಬ್ಯಾರೆಯವರಿಗೆ ಇದನ್ನ ಹ್ಯಾಂಗ ಕಲಸ್ತೀರಿ ಅಂತ ಕೇಳ್ತಾರ” ಎಂದರು ರಾಯರು, ಉಡಚಪ್ಪನಿಗೆ.

ಉಡಚಪ್ಪ ಅಡಿಗಲ್ಲು ನೋಡಿದ. ಸಾಹೇಬ ಕಾದ. ಇಡೀ ಚಪ್ಪರ ಕಾಯಿತು. ಗಂಡನನ್ನು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟೇ ರೂಢಿಯಾದ ಕರೆವ್ವನ ನಾಲಿಗೆ ತಡೆಯಲಿಲ್ಲ. “ಲೇ ಬೀರಪ್ಪಾ, ಬಾ ಇಲ್ಲೆ. ಕಬ್ಬಿಣದ ಕಡೆ ನೋಡಬ್ಯಾಡ, ಆ ಸಣ್ಣ ಸುತ್ತಗಿ ನೋಡು. ಅದು ಎಲ್ಲಿ ಮುಟ್ಟತೈತಿ ಅಲ್ಲೆ ಹೊಡಿ. ಸಣ್ಣಗ ಅಂದ್ರ ಸಣ್ಣಗ. ನಿನ್ನ ತಾಕತ್ತು ಗರಡ್ಯಾಗ ತೋರ್ಸು, ಇಲ್ಲೆ ಕಿವಿ ತೋರ್ಸು.” ಬೀರಪ್ಪ ಬಡಿದ, ತಪ್ಪಿದ, ಬೈಸಿಕೊಂಡ, ಮತ್ತೆ ಬಡಿದ. ಬಿಸಿಲು ಇಳಿಯುವ ಹೊತ್ತಿಗೆ ಅವನ ಪೆಟ್ಟೂ ದಾರಿಗೆ ಬಂತು. ಸಾಹೇಬನ ಮುಖ ಅರಳಿತು. ಶಿಗ್ಗಾವಿಗೆ ಕೇಂದ್ರ ಬಂತೆಂದು ಎಲ್ಲರಿಗೂ ಅಲ್ಲೇ ಗೊತ್ತಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಕರೆವ್ವನಿಗೆ ಅಳು ಬಂತು. ಗಂಡನನ್ನು ಬಿಟ್ಟುಕೊಟ್ಟದ್ದಲ್ಲದೆ, ಇಬ್ಬರ ನಡುವೆಯೇ ಇದ್ದ ಮಾತನ್ನೂ ಬಾಯಿಬಿಟ್ಟು ಊರಿಗೆ ಹಂಚಿ ಬಂದಿದ್ದಳು. ಒಂದನ್ನು ಮಾತ್ರ ಹೇಳಿರಲಿಲ್ಲ. ಅಡಿಗಲ್ಲಿನ ಅಂಚಿನ ಆ ಎರಡು ಪೆಟ್ಟನ್ನು ಬೀರಪ್ಪ ಕೇಳಿರಲಿಲ್ಲ, ಅವಳು ಕಲಿಸಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಕೆರೆಯ ಏರಿಯಾಚೆ ಹೊಸ ತಗಡಿನ ಶೆಡ್ ಎದ್ದಿತು. ಆರ್ಡರು ಬಂತು. ಹುದ್ದೆ ಒಂದೇ, ಹೆಸರು ಒಂದೇ. ಸಾಹೇಬ ಇಬ್ಬರೂ ಬೇಕೆಂದು ಹೇಳಿ ಹೋಗಿದ್ದನಂತೆ. ಕುಲುಮೆಯ ಕೆಲಸಕ್ಕೆ ಹೆಂಗಸನ್ನು ತೆಗೆದುಕೊಳ್ಳುವ ಕಾನೂನಿಲ್ಲವೆಂದು ಮೇಲಿನವರು ಕೈಚೆಲ್ಲಿದರಂತೆ. ಪ್ರಾಣೇಶರಾಯರು ಮನೆತನಕ ಬಂದು ತಲೆ ತಗ್ಗಿಸಿ ಹೇಳಿದರು. “ಇರ್ಲಿ ಬಿಡ್ರಿ” ಎಂದಳು ಕರೆವ್ವ, ಚಹಾ ಕೊಟ್ಟು.

ಮೊದಲ ದಿನ ಉಡಚಪ್ಪ ಒಗೆದ ಧೋತರ ಉಟ್ಟು, ಬುತ್ತಿ ಹಿಡಿದು, ಬಾಗಿಲಲ್ಲಿ ತುಸು ಹೊತ್ತು ನಿಂತು ಹೋದ. ಕರೆವ್ವ ಕುಲುಮೆಯಲ್ಲಿ ಬಂದು ಕೂತಳು. ಒಲೆ ತಣ್ಣಗಿತ್ತು. ಚಮ್ಮಟಿಗೆಯನ್ನು ಮೂಲೆಗಿಟ್ಟು ಆರಾಮ ಕೂರುವುದೆಂದರೆ ಹೇಗೆಂದು ಅವಳಿಗೆ ತಿಳಿಯಲಿಲ್ಲ. ಕಸ ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಹೊತ್ತೇರಿದಾಗ ಕೆರೆಯ ಕಡೆಯಿಂದ ಗಾಳಿಯಲ್ಲಿ ಸದ್ದು ಬಂತು. ಟಿಣ್. ಕಿವಿಗೊಟ್ಟಳು. ಅದರ ಹಿಂದೆ ಹುಡುಗರ ಚಮ್ಮಟಿಗೆಯ ಧಡ್ ಬರಬೇಕು. ಬರಲಿಲ್ಲ. ಮತ್ತೆ ಟಿಣ್, ಮತ್ತೆ ಖಾಲಿ. ಕಲಿಸುತ್ತಿಲ್ಲ, ಕಲಿಯುತ್ತಲೂ ಇಲ್ಲ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಬ್ಬಳ ಪೆಟ್ಟಿನಷ್ಟೇ ಜಾಗ ಬಿಟ್ಟು, ಹಠ ಹಿಡಿದವನಂತೆ ಬಡಿಯುತ್ತಿದ್ದಾನೆ.

ಕರೆವ್ವ ಕಣ್ಣೊರೆಸಿಕೊಂಡು ಚಮ್ಮಟಿಗೆಯನ್ನು ಹೆಗಲಿಗೇರಿಸಿದಳು. ಜನ್ನತಬಿ ಬಾಗಿಲಿಗೆ ಬಂದು ಏನೋ ಕೇಳಿದಳು, ಅದು ಕಿವಿಗೆ ಬೀಳಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಪ್ರಾಣೇಶರಾಯರು ಅಳುವುದೊಂದು ಬಾಕಿ ಎಂಬಂತೆ ನಿಂತಿದ್ದರು. “ಕರೆವ್ವಾ, ಆರ್ಡರಿನ್ಯಾಗ ನಿಮ್ಮ ಹೆಸರಿಲ್ಲಲ್ರಿ.”

“ನಾ ಆರ್ಡರ ಕೇಳಾಕ ಬಂದಿಲ್ರಿ ಯಪ್ಪಾ. ಅವರು ಕರದ್ರು, ಬಂದೇನಿ.”

“ಯಾರು ಕರದ್ರು? ಮುಂಜಾನಿಂದ ಅವರು ಬಾಯೇ ತಗದಿಲ್ಲ!”

“ನಿಮಗ ಕೇಳ್ಸಿಲ್ಲ ಬಿಡ್ರಿ.”

ರಾಯರು ಅವಳನ್ನು ನೋಡಿದರು, ಒಳಗೆ ಬೆಪ್ಪಾಗಿ ನಿಂತ ಹುಡುಗರನ್ನು ನೋಡಿದರು. ಕಾನೂನಿನ ಮಾತು ಅವರ ಬಾಯಿತನಕ ಬಂದಿತ್ತು. ನುಂಗಿಕೊಂಡು ಪಕ್ಕಕ್ಕೆ ಸರಿದರು. “ಹೋಗ್ರಿ ಒಳಗ. ಮ್ಯಾಲಿನವರಿಗೆ ನಾ ಉತ್ತರ ಕೊಡ್ತೇನಿ” ಎಂದರು.

ಉಡಚಪ್ಪ ತಲೆಯೆತ್ತಲಿಲ್ಲ. ಅವಳು ನಿಲ್ಲುವ ಜಾಗವನ್ನು ಬೆಳಗಿನಿಂದ ಬಿಟ್ಟೇ ನಿಂತಿದ್ದ. ಅವಳು ಅಲ್ಲಿ ನಿಂತಳು. ಟಿಣ್ ಎಂದ, ಧಡ್ ಎಂದಳು. ಹುಡುಗರಿಗೆ ಕರೆವ್ವ ಒಂದೊಂದಾಗಿ ಹೇಳುತ್ತ ಹೋದಳು, ಇದು ಅಂಚಿಗೆ, ಇದು ಮೆಲ್ಲಗೆ, ಇದು ಮಗ್ಗುಲು ಹೊರಳಿಸಾಕ. ಹುಡುಗರು ಹತ್ತಿರ ಸರಿದು ಬಂದರು.

ಕಬ್ಬಿಣ ಇನ್ನೂ ಕೆಂಪಗಿರುವಾಗಲೇ ಉಡಚಪ್ಪ ಅಡಿಗಲ್ಲಿನ ಅಂಚನ್ನು ಎರಡು ಸಲ ಮೃದುವಾಗಿ ಬಡಿದ. ಕರೆವ್ವ ಚಮ್ಮಟಿಗೆ ಇಳಿಸಿದಳು. ಅವನು ತಿದಿಯ ಕಡೆ ನೋಡುತ್ತ ಕೂತ. ಕಬ್ಬಿಣ ನಿಧಾನಕ್ಕೆ ಕಪ್ಪಾಗತೊಡಗಿತು.

“ಅಕ್ಕಾರ, ಇದಕ್ಕೇನಂತಾರ್ರಿ?” ಎಂದು ತಡಸದಿಂದ ಬಂದಿದ್ದ ಹುಡುಗನೊಬ್ಬ ಕೇಳಿದ.

ಕರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇದು ನಿಮ್ಮ ಪಾಠದಾಗಿಲ್ಲ” ಎಂದಳು.